ಕಚ್ಚಾ ಕೀಲಿ

ಬೀಗಣ್ಣ ಯಾರನ್ನೂ ನಂಬುವವನಲ್ಲ. ಅದು ಹುಟ್ಟುಗುಣವೋ ಕಸುಬು ಕಲಿಸಿದ್ದೋ, ದೇವರಿಗೇ ಗೊತ್ತು. ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಗೆ ಬದಲಿ ಕೀಲಿ ಕೊರೆಯುತ್ತ ಅವನ ತಲೆ ಅರ್ಧ ಬೆಳ್ಳಗಾಗಿತ್ತು. ಅಷ್ಟು ಕಾಲದಲ್ಲಿ ಅವನು ಕಂಡುಕೊಂಡದ್ದು ಇಷ್ಟೇ: ಕಳ್ಳರಿಗೆ ಹೆದರಿ ಬೀಗ ಹಾಕುವವರು ಕಡಿಮೆ, ಮನೆಯವರಿಗೆ ಹೆದರಿ ಹಾಕುವವರೇ ಹೆಚ್ಚು. ಅಣ್ಣನ ಬೀರುವಿನ ಮೇಲೆ ತಮ್ಮನ ಕಣ್ಣು, ಅತ್ತೆಯ ಪೆಟ್ಟಿಗೆಯ ಮೇಲೆ ಸೊಸೆಯ ಕಣ್ಣು. ಇದನ್ನೆಲ್ಲ ನೋಡಿ ನೋಡಿ ಅವನು ಮಾರ್ಕೆಟ್ಟಿನಲ್ಲಿ ತಕ್ಕಡಿ ಹಿಡಿದವನ ಹೆಬ್ಬೆರಳನ್ನೂ ಕಾಯುವ ಮನುಷ್ಯನಾಗಿದ್ದ.

ಹಾಗಂತ ಅವನ ಕೈ ಮಾತ್ರ ಶುದ್ಧ. ಹಿತ್ತಾಳೆ ದುಬಾರಿ, ಒಂದು ಹಲ್ಲು ತಪ್ಪಿದರೂ ದಂಡ. ಅದಕ್ಕೇ ಮೊದಲು ಅಗ್ಗದ ಅಲ್ಯೂಮಿನಿಯಂ ತುಂಡಿನಲ್ಲಿ ಹಲ್ಲು ಕೊರೆದು ನೋಡುತ್ತಿದ್ದ. ಅದು ಕಚ್ಚಾ ಕೀಲಿ. ಬೀಗಕ್ಕೆ ಅದು ಸರಿಯಾಗಿ ಕೂತರೆ ಅದೇ ಅಳತೆಗೆ ಹಿತ್ತಾಳೆ ಕೀಲಿ. ಹಿತ್ತಾಳೆ ಗಿರಾಕಿಯ ಕೈ ಸೇರಿದ ಗಳಿಗೆಯಲ್ಲೇ ಕಚ್ಚಾ ಕೀಲಿಯ ಹಲ್ಲನ್ನು ಸುತ್ತಿಗೆಯಿಂದ ಜಜ್ಜಿ ಗುಜರಿ ಡಬ್ಬಕ್ಕೆ ಎಸೆಯಬೇಕು. "ಕಚ್ಚಾ ಕೀಲಿ ಉಳಿಸ್ಕೊಂಡೋನು ಅರ್ಧ ಕಳ್ಳ," ಎಂದು ಕೆಲಸ ಕಲಿಸಿದ ಮುದುಕ ಕಿವಿ ಹಿಂಡಿ ಹೇಳಿದ್ದನ್ನು ಅವನು ಒಂದು ದಿನವೂ ಮರೆತಿರಲಿಲ್ಲ. ಮರೆತದ್ದು ಒಂದೇ ಸಲ.

ಬೀದಿಗೆ ಅಂಗಡಿ, ಅಂಗಡಿಯ ಹಿಂದೆ ಅಡುಗೆಮನೆ, ಅದರಾಚೆ ಎರಡು ಕೋಣೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಹೊದಿಕೆ, ದಿಂಬಿನ ಚೀಲ ಇಸ್ತ್ರಿ ಮಾಡುವ ಕೆಲಸ. ಬೀಗಣ್ಣನ ತಾಯಿ ಮನೆಯಲ್ಲೇ ಇದ್ದುಕೊಂಡು ಬಟಾಣಿ ಸುಲಿಯುತ್ತ ಎಲ್ಲರ ಮಾತಿಗೂ ಬಾಯಿ ಹಾಕುತ್ತಿದ್ದಳು. ಒಬ್ಬಳೇ ಮಗಳು. ತೆವಳುವ ವಯಸ್ಸಿನಲ್ಲಿ ಅಂಗಡಿಯ ಹಳೇ ಚಿಲಕವೊಂದು ಕೈಯಲ್ಲಿಲ್ಲದೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲವಂತೆ. ಹಾಗಾಗಿ ಅವಳ ಹೆಸರು ಚಿಲಕ ಅಂತಲೇ ಆಗಿಹೋಗಿತ್ತು.

ಆ ವರ್ಷ ಮನೆಯವರ ಬಾಯಲ್ಲಿ ಇದ್ದದ್ದು ಒಂದೇ ಮಾತು, ದೊಡ್ಡ ಕಾಲೇಜು. ಊರಾಚೆ ಕಂಬಿ ಗೇಟಿನ ಹಿಂದೆ ಇರುವ ಆ ಕಾಲೇಜಿಗೆ ಪ್ರತಿ ಶಾಲೆಯಿಂದ ಇಬ್ಬರನ್ನು ನೇರವಾಗಿ ತೆಗೆದುಕೊಳ್ಳುತ್ತಿದ್ದರು. ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೊದಲ ಎರಡು ಸ್ಥಾನ ಪಡೆದವರ ಹೆಸರನ್ನು ಮುಖ್ಯೋಪಾಧ್ಯಾಯಿನಿ ಕಳಿಸಿಕೊಟ್ಟರೆ ಮುಗಿಯಿತು. ಉಳಿದವರು ಸಾವಿರಾರು ಮಂದಿಯ ಜೊತೆ ಪ್ರವೇಶ ಪರೀಕ್ಷೆಗೆ ಕೂತು ಗುದ್ದಾಡಬೇಕು.

ಚಿಲಕ ಜಾಣೆ. ಆದರೆ ಪರೀಕ್ಷೆ ಅಂದರೆ ಸಾಕು, ಅವಳ ಜೀವ ಬಾಯಿಗೆ ಬರುತ್ತಿತ್ತು. ಪರೀಕ್ಷೆಯ ಬೆಳಿಗ್ಗೆ ಆ ಮನೆಯನ್ನು ನೋಡಬೇಕಿತ್ತು! ಚಿಲಕಳ ತಾಯಿ ಕೆಲಸಕ್ಕೆ ರಜೆ ಹಾಕುವಳು. ಬೀಗಣ್ಣ ಅಂಗಡಿ ಬಾಗಿಲು ತೆಗೆಯದೆ, ಕೀಲಿ ಉಜ್ಜುವ ಅರದಲ್ಲೇ ಮಗಳ ಪೆನ್ಸಿಲ್ ಚೂಪು ಮಾಡುತ್ತ ಕೂರುವನು. ಅಜ್ಜಿ ಮೊಟ್ಟೆ ಬೇಯಿಸುವಳು.

"ಇನ್ನೊಂದು ತಿನ್ನೇ, ತಲೆ ಓಡುತ್ತೆ."

"ತಲೆ ಓಡೋದು ಆಮೇಲೆ ಅಜ್ಜಿ, ಮೊದಲು ನಾನು ಬಚ್ಚಲಿಗೆ ಓಡ್ಬೇಕು."

"ಹೆದರ್ಕೋಬೇಡ ಕಣೇ," ಎನ್ನುವನು ಬೀಗಣ್ಣ. "ಹೆದರೋಕೇನಿದೆ? ಒಂದು ಮಾರ್ಕೂ ಬಿಡದ ಹಾಗೆ ಬರಿ, ಅಷ್ಟೇ."

ಚಿಲಕ ಬಚ್ಚಲಲ್ಲಿ ವಾಂತಿ ಮಾಡಿಕೊಂಡು ಮುಖ ತೊಳೆದು ಹೋಗುವಳು. ಮೂವರೂ ಬಾಗಿಲಲ್ಲಿ ನಿಂತು ಅವಳು ತಿರುವು ದಾಟುವ ತನಕ ನೋಡುವರು. ಪರೀಕ್ಷೆಯ ಕೋಣೆಯಲ್ಲಿ ಅಂಗೈ ಬೆವರಿಗೆ ಕಾಗದ ಒದ್ದೆಯಾಗಿ, ಬಂದದ್ದೂ ಮರೆತು, ಸಂಜೆ ಬಾಡಿದ ಮುಖ ಹೊತ್ತು ಬರುವಳು. ಅಂಕ ಪ್ರತಿ ಸಲ ಒಂದೊಂದು ಮೆಟ್ಟಿಲು ಇಳಿಯುತ್ತಿತ್ತು.

ಹೀಗಿರುವಾಗ ಶಾಲೆಯ ಜವಾನ ಒಂದು ಸಂಜೆ ಬೀಗವೊಂದನ್ನು ಹಿಡಿದು ಅಂಗಡಿಗೆ ಬಂದ.

"ಬೀಗಣ್ಣ, ದೊಡ್ಡ ಮೇಡಂ ಬೀರು ಬೀಗ. ಕೀ ಎಲ್ಲೋ ಬಿದ್ದುಹೋಗಿದೆ. ಪ್ರಶ್ನೆಪತ್ರಿಕೆ ಇಡೋ ಬೀರು ಕಣಪ್ಪ, ಈಗಲೇ ಬೇಕಂತೆ."

ಬೀಗಣ್ಣ ಕಚ್ಚಾ ಕೀಲಿ ಕೊರೆದು, ಎಂದಿನಂತೆ ಗಿರಾಕಿಯ ಹೆಸರಿನ ಚೀಟಿ ಕಟ್ಟಿ, ಬೀಗಕ್ಕೆ ಹಾಕಿ ನೋಡಿದ. ಬೆಣ್ಣೆಯ ಹಾಗೆ ತಿರುಗಿತು. ಹಿತ್ತಾಳೆಯದು ಮಾಡಿ ಜವಾನನ ಕೈಗೆ ಕೊಟ್ಟು ಕಳಿಸಿ, ಕಚ್ಚಾ ಕೀಲಿ ಜಜ್ಜಲು ಸುತ್ತಿಗೆ ಎತ್ತಿಕೊಂಡ. ಅಷ್ಟರಲ್ಲಿ ಎದುರು ಬೀದಿಯ ಹೆಂಗಸು ಎದೆ ಬಡಿದುಕೊಂಡು ಓಡಿಬಂದಳು. ಮಗು ಒಳಗಿನಿಂದ ಬಾಗಿಲು ಹಾಕಿಕೊಂಡುಬಿಟ್ಟಿದೆ, ಒಲೆಯ ಮೇಲೆ ಹಾಲಿದೆ! ಬೀಗಣ್ಣ ಸುತ್ತಿಗೆ ಅಲ್ಲೇ ಬಿಟ್ಟು, ಕೀಲಿಯನ್ನು ಡಬ್ಬಕ್ಕೆ ಎಸೆದು ಓಡಿದ. ಮಗುವನ್ನು ಹೊರಗೆ ತಂದು, ಆ ಹೆಂಗಸು ಕೊಟ್ಟ ಚಹಾ ಕುಡಿದು ಬರುವಾಗ ಕೀಲಿಯ ವಿಷಯ ಮನಸ್ಸಿನಿಂದ ಪೂರಾ ಹಾರಿಹೋಗಿತ್ತು.

ಎರಡು ವಾರ ಕಳೆದು ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಬ್ರೆಡ್ಡು, ಬೇಯಿಸಿದ ಬಟಾಣಿ, ಹುರಿದ ಆಲೂಗಡ್ಡೆ. ಚಿಲಕ ತಟ್ಟೆ ನೋಡಿಕೊಂಡೇ ಹೇಳಿದಳು.

"ಪೂರ್ವಸಿದ್ಧತಾ ಪರೀಕ್ಷೆ ರಿಸಲ್ಟ್ ಬಂತು. ನಾನು ಸ್ಕೂಲಿಗೆ ಎರಡನೇಯವಳು."

"ಅಯ್ಯೋ ನನ್ನ ಬಂಗಾರ!" ಅಜ್ಜಿ ಎದ್ದೇಬಿಟ್ಟಳು. ತಾಯಿಯ ಕೈಯಲ್ಲಿದ್ದ ಸೌಟು ನಿಂತಲ್ಲೇ ನಿಂತಿತು. ಅವಳು ಮಗಳನ್ನು ನೋಡುವ ಮೊದಲು ಯಾಕೋ ಗಂಡನನ್ನು ನೋಡಿದಳು.

ಬೀಗಣ್ಣನಿಗೆ ಸಂತೋಷ ಉಕ್ಕಿ ಬಂತು, ಮರುಗಳಿಗೆಯೇ ದಿನದ ಲೆಕ್ಕ ಹಾಕಿದ.

"ಪರೀಕ್ಷೆ ಮುಂದಿನ ವಾರ ಅಂದಿದ್ಯಲ್ಲ?"

"ಮುಗೀತು."

"ಯಾವಾಗ?"

"ಹೋದ ವಾರ."

"ಹಾಗಾದ್ರೆ ನಮಗ್ಯಾಕೆ ಸುಳ್ಳು ಹೇಳ್ದೆ?"

"ಸುಮ್ನೆ."

ಸುಮ್ಮನೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಅದೂ ಪರೀಕ್ಷೆಯ ದಿನದ ಬಗ್ಗೆ? ಬೆಂಕಿ ಇಲ್ಲದೆ ಹೊಗೆ ಏಳುವುದಿಲ್ಲ ಎಂದು ನಂಬಿದ ಮನುಷ್ಯ ಅವನು. ಬಾಯಿಗಿಟ್ಟ ಬ್ರೆಡ್ಡಿನ ತುಂಡನ್ನು ಅಗಿಯುತ್ತಿರುವಾಗಲೇ ಜವಾನನ ಮುಖ, ಆ ಬೀಗ, ಎತ್ತಿ ಅಲ್ಲೇ ಬಿಟ್ಟ ಸುತ್ತಿಗೆ ಎಲ್ಲ ನೆನಪಾಯಿತು. ಕೈ ತೊಳೆದವನೇ ಅಂಗಡಿಗೆ ಹೋಗಿ ಗುಜರಿ ಡಬ್ಬವನ್ನು ನೆಲದ ಮೇಲೆ ಸುರಿದ. ಜಜ್ಜಿದ ಕೀಲಿಗಳು, ಮುರಿದ ಸ್ಪ್ರಿಂಗು, ತುಕ್ಕು ಹಿಡಿದ ಮೊಳೆ ಎಲ್ಲ ಇದ್ದವು. ಚೀಟಿ ಕಟ್ಟಿದ ಕೀಲಿ ಮಾತ್ರ ಇರಲಿಲ್ಲ.

"ಏನು ಹುಡುಕ್ತಿದೀರಿ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಒಂದು ಸ್ಕ್ರೂ."

"ಸ್ಕ್ರೂ?"

"ಹೂಂ, ಸ್ಕ್ರೂ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

"ನನಗ್ಯಾಕೆ ಬೇಕು. ನೀವುಂಟು, ನಿಮ್ಮ ಡಬ್ಬ ಉಂಟು," ಎಂದು ಅವಳು ಒಳಗೆ ಹೋದಳು. ಆ ದನಿ ಅವನಿಗೆ ಹಿಡಿಸಲಿಲ್ಲ.

ಅಂದಿನಿಂದ ಮನೆಯಲ್ಲಿ ಅನ್ನನೀರಿನ ಜೊತೆ ಅನುಮಾನವನ್ನೂ ಬಡಿಸಿದ ಹಾಗಾಗುತ್ತಿತ್ತು. ಮಗಳು ಬೇಗ ಬಂದರೆ ಯಾಕೆ ಬೇಗ ಎಂದು ಅವನಿಗೆ ಅನ್ನಿಸುವುದು, ತಡವಾದರೆ ಯಾಕೆ ತಡ ಎಂದು. ಅವಳು ಗೆಳತಿಯ ಜೊತೆ ನಕ್ಕರೆ, ಕದ್ದ ಪತ್ರಿಕೆ ಹಂಚಿಕೊಂಡವರ ನಗು ಅದು. ನಗದಿದ್ದರೆ ತಪ್ಪು ಮಾಡಿದವಳ ಮೌನ. ಅಂಗಡಿಯಲ್ಲಿ ಗಿರಾಕಿಗಳಿಗೆ ಅವನೊಂದು ಉಪಾಯ ಹೇಳಿಕೊಡುತ್ತಿದ್ದ: ಪೆಟ್ಟಿಗೆಯ ಬಾಯಿಗೆ ಒಂದು ಕೂದಲು ಅಂಟಿಸಿಟ್ಟರೆ ಸಾಕು, ಯಾರು ಮುಟ್ಟಿದರೂ ಗೊತ್ತಾಗುತ್ತದೆ. ಚಿಲಕ ಸಣ್ಣವಳಿದ್ದಾಗ ಅವಳಿಗೂ ಅದನ್ನು ಆಟದ ಹಾಗೆ ತೋರಿಸಿದ್ದ. ಈಗ ಅದೇ ಕೂದಲನ್ನು ಅವಳ ಶಾಲೆಯ ಚೀಲದ ಒಳಜೇಬಿಗೆ ಅಂಟಿಸಿದ. ಸಂಜೆ ನೋಡಿದರೆ ಕೂದಲು ಇರಲಿಲ್ಲ. ಜೇಬು ತಡಕಿದ. ಒಂದು ರಬ್ಬರು, ಅರ್ಧ ಬಿಸ್ಕತ್ತು ಸಿಕ್ಕಿದವು.

ಒಂದು ಬೆಳಿಗ್ಗೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಅವಳದೇ ಪುಸ್ತಕ ತೆಗೆದು, ಎಲ್ಲೋ ಒಂದು ಕಡೆ ಬೆರಳಿಟ್ಟು ಕೇಳಿದ.

"ಇದು ಹೇಳು ನೋಡೋಣ. ಪರೀಕ್ಷೇಲಿ ಬಂದಿತ್ತಂತಲ್ಲ."

ಅಪ್ಪನ ಕಣ್ಣು ಅವಳ ಮುಖದ ಮೇಲೆ ನೆಟ್ಟಿತ್ತು. ಚಿಲಕ ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಗೊತ್ತಿತ್ತು... ಈಗ ಬರ್ತಾ ಇಲ್ಲ."

"ಅಲ್ಲಿ ಬಂತು, ಇಲ್ಲಿ ಬರಲ್ಲ?"

"ಅಪ್ಪಾ, ನೀನು ಹಾಗೆ ನೋಡ್ಬೇಡ."

"ಹೇಗೆ ನೋಡ್ದೆ? ಅಂಗಡಿಯಿಂದ ಏನಾದ್ರೂ ತಗೊಂಡಿದೀಯಾ?"

"ಇಲ್ಲ."

ಇಲ್ಲ ಅನ್ನುವ ಮಾತು ಅಷ್ಟು ಬೇಗ ಬರಬಾರದಿತ್ತು ಎಂದುಕೊಂಡ ಬೀಗಣ್ಣ. ಅತ್ತ ಒಲೆಯ ಮುಂದೆ ನಿಂತಿದ್ದ ಹೆಂಡತಿ ಫಕ್ಕನೆ ತಿರುಗಿದಳು.

"ಅವಳನ್ಯಾಕೆ ಕೇಳ್ತೀರಿ? ಅಂಗಡಿ ವಿಷಯ ಅಂಗಡಿಯವರಿಗೇ ಗೊತ್ತಿರ್ಬೇಕು."

"ಏನದು ಒಗಟು? ನೆಟ್ಟಗೆ ಮಾತಾಡು."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ. ನಾನೇನೂ ಅಂದಿಲ್ಲಪ್ಪ," ಎಂದು ಅವಳು ಪಾತ್ರೆಯನ್ನು ದಡಾರನೆ ಕುಕ್ಕಿದಳು.

ತಾಯಿಯೂ ಮಗಳೂ ಸೇರಿಯೇ ಇದನ್ನು ಮಾಡಿದ್ದಾರೆ ಎಂದು ಬೀಗಣ್ಣನಿಗೆ ಆಗ ಖಾತ್ರಿಯಾಯಿತು. ಅಂಗಡಿಗೆ ಬಂದು ಕೂತ. ಕೈಗೆ ಕೆಲಸ ಹತ್ತಲಿಲ್ಲ. ಬೀಗದವನ ಮನೆಯ ಕೀಲಿಯಿಂದಲೇ ಕಳ್ಳತನವಾಯಿತು ಎಂಬ ಮಾತು ಬೀದಿಗೆ ಬಿದ್ದರೆ ನಾಳೆ ಯಾವ ಗಿರಾಕಿ ಈ ಮೆಟ್ಟಿಲು ಹತ್ತುತ್ತಾನೆ? ಅದಕ್ಕಿಂತ ಹೆಚ್ಚಾಗಿ, ಕದ್ದ ಅಂಕದ ಮೇಲೆ ಮಗಳು ಆ ಗೇಟಿನೊಳಗೆ ಹೋಗಬೇಕೇ? ಅವನಿಗೆ ನಾಚಿಕೆಯಾಯಿತು, ಅಳು ಬಂದ ಹಾಗಾಯಿತು. ಹೊಸ ಬೀಗವೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಶಾಲೆಗೆ ಹೊರಟ. ಹಾವೂ ಸಾಯದ, ಕೋಲೂ ಮುರಿಯದ ಹಾಗೆ, ಸದ್ದಿಲ್ಲದೆ ಬೀಗ ಬದಲಾಯಿಸಿ, ಆ ಕೀಲಿ ಇನ್ನು ಕೆಲಸಕ್ಕೆ ಬಾರದಂತೆ ಮಾಡುವುದು ಅವನ ಲೆಕ್ಕಾಚಾರ.

"ಮೇಡಂ, ಆ ಬೀರು ಬೀಗ ಬದಲಾಯಿಸಿ ಕೊಡ್ತೀನಿ. ದುಡ್ಡು ಬೇಡ."

ದೊಡ್ಡ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚೆನ್ನಾಗೇ ಇದ್ಯಲ್ಲ ಬೀಗಣ್ಣ. ಬಿಟ್ಟಿ ಕೆಲಸ ಯಾವಾಗಿಂದ ಶುರು ಮಾಡಿದ್ರಿ?"

"ಇರ್ಲಿ ಅಂತ..."

"ನಾನು ಸುಳ್ಳು ಹೇಳೋ ಮಕ್ಕಳನ್ನ ನೋಡ್ತಾನೇ ಮುದುಕಿ ಆದೋಳು. ನೀವು ಅವರಷ್ಟು ಚೆನ್ನಾಗೂ ಹೇಳಲ್ಲ. ಏನಾಯ್ತು?"

ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಕಚ್ಚಾ ಕೀಲಿ ಜಜ್ಜದೆ ಬಿಟ್ಟದ್ದನ್ನು, ಅದು ಕಾಣೆಯಾದದ್ದನ್ನು ಬೀಗಣ್ಣ ಹೇಳಿಬಿಟ್ಟ.

"ನಿಮ್ಮ ಮಗಳ ಮೇಲೆ ಅನುಮಾನಾನಾ?"

ಬೀಗಣ್ಣ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಕೈಯಲ್ಲಿದ್ದ ಬೀಗದ ಕಾಗದವನ್ನು ಸರಿ ಮಾಡಿದ. ಮೇಡಂಗೆ ಅಷ್ಟು ಸಾಕಾಯಿತು.

ಮಾರನೆಯ ದಿನ ಚಿಲಕ ಮನೆಗೆ ಬಂದವಳು ಚೀಲವನ್ನು ಅಂಗಡಿಯ ಮೇಜಿನ ಮೇಲೆ, ಅಪ್ಪನ ಅರಗಳ ನಡುವೆಯೇ ಇಟ್ಟಳು.

"ಅಪ್ಪಾ, ನೀನು ಸ್ಕೂಲಿಗೆ ಬಂದಿದ್ಯಾ?"

"ಬೀಗದ ಕೆಲಸ ಇತ್ತು."

"ನನ್ನೊಬ್ಬಳನ್ನೇ ದೊಡ್ಡ ಮೇಡಂ ರೂಮಲ್ಲಿ ಕೂರಿಸಿ ಬೇರೆ ಪ್ರಶ್ನೆಪತ್ರಿಕೆ ಕೊಟ್ರು. ಮೇಡಂ ಎದುರಿಗೆ, ಜವಾನ ಬಾಗಿಲಲ್ಲಿ. ಯಾಕೆ ಅಂತ ಕೇಳ್ದೆ. ನಿಮ್ಮ ತಂದೆ ಬಂದಿದ್ರು ಅಂದ್ರು."

"ಬರೆದ್ಯಾ?" ಎಂದ ಬೀಗಣ್ಣ.

"ಏನು ಬರೀಲಿ? ಪೆನ್ನು ಹಿಡಿಯೋಕೂ ಆಗ್ಲಿಲ್ಲ. ನನ್ನ ಹೆಸರು ತೆಗೆದು ಮೂರನೇಯವನ ಹೆಸರು ಕಳಿಸ್ತಾರಂತೆ."

ಒಳಗಿನಿಂದ ತಾಯಿಯೂ ಅಜ್ಜಿಯೂ ಬಂದರು. "ಏನು? ಏನಾಯ್ತು?" ಎಂದು ಅಜ್ಜಿ ಕೇಳುತ್ತಲೇ ಇದ್ದಳು. ಬೀಗಣ್ಣ ಕೊನೆಗೂ ಬಾಯಿಬಿಟ್ಟ.

"ಬೀರುವಿನ ಕಚ್ಚಾ ಕೀ ಡಬ್ಬದಲ್ಲಿತ್ತು, ಈಗಿಲ್ಲ. ನೀನು ದಿನ ಮುಚ್ಚಿಟ್ಟೆ. ಆವರೆಗೆ ಕೆಳಗಿದ್ದೋಳು ಒಂದೇ ಸಲ ಮೇಲೆ ಬಂದೆ. ನಾನು ಏನಂತ ತಿಳ್ಕೋಬೇಕಿತ್ತು?"

"ದಿನ ಯಾಕೆ ಮುಚ್ಚಿಟ್ಟೆ ಗೊತ್ತಾ?" ಎಂದಳು ಚಿಲಕ. "ನಿಮ್ಮನ್ನೆಲ್ಲ ನೋಡಿದ್ರೇ ನನಗೆ ವಾಂತಿ ಬರುತ್ತೆ. ಅಮ್ಮ ರಜೆ ಹಾಕೋದು, ಅಜ್ಜಿ ಮೊಟ್ಟೆ, ನೀನು ಆ ಪೆನ್ಸಿಲ್ ಉಜ್ಜೋದು. ಬಾಗಿಲಲ್ಲಿ ಮೂರು ಜನ ನಿಂತು ನೋಡ್ತೀರಲ್ಲ, ಸ್ಕೂಲಿನ ತನಕ ಬೆನ್ನು ಉರಿಯುತ್ತೆ. ಒಂದೇ ಒಂದು ಸಲ ಯಾರಿಗೂ ಹೇಳ್ದೆ ಹೋದೆ. ಯಾರೂ ನೋಡ್ಲಿಲ್ಲ. ಎಲ್ಲಾ ಬಂತು ಅಪ್ಪಾ, ಓದಿದ್ದೆಲ್ಲಾ ಬಂತು!"

"ಅದನ್ನ ಆವತ್ತೇ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ನಿಮ್ಮ ಪ್ರೀತಿಗೇ ನನಗೆ ಭಯ ಅಂತ ಹೇಗೆ ಹೇಳ್ಲಿ?"

ತಾಯಿ ಸರಸರನೆ ಒಳಗೆ ಹೋದಳು. ಹಿಟ್ಟಿನ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಹೊರಗೆ ಬಂದು ಗಂಡನ ಮುಂದೆ ಏನನ್ನೋ ಎಸೆದಳು. ಮೇಜಿನ ಮೇಲೆ ಟಣ್ಣೆಂದು ಬಿತ್ತು. ಹಿಟ್ಟು ಮೆತ್ತಿದ ಕಚ್ಚಾ ಕೀಲಿ. ಚೀಟಿ ಇನ್ನೂ ಹಾಗೆಯೇ ಇತ್ತು.

"ನೀನಾ?" ಎಂದ ಬೀಗಣ್ಣ.

"ನೀವು ಎದುರು ಬೀದಿಗೆ ಓಡಿದ್ರಲ್ಲ, ಆಗಲೇ ಕಸ ಗುಡಿಸ್ತಾ ನೋಡ್ದೆ. ಊರಲ್ಲಿರೋ ಕೀ ಎಲ್ಲಾ ಜಜ್ಜೋ ಮನುಷ್ಯ ಸ್ಕೂಲಿನ ಕೀ ಮಾತ್ರ ಯಾಕೆ ಜಜ್ಜಿಲ್ಲ? ಮಗಳಿಗೋಸ್ಕರ ಮಡಗಿದ್ದೀರಿ ಅಂದ್ಕೊಂಡೆ. ಎತ್ತಿಟ್ಟೆ. ಮಾರನೇ ದಿನವೇ ನೀವು ಹುಡುಕ್ತೀರಿ, ಆಗ ಮುಖಕ್ಕೆ ಹಿಡಿಯೋಣ ಅಂತಿದ್ದೆ. ನೀವು ಹುಡುಕ್ಲಿಲ್ಲ. ಅವಳು ಎರಡನೇಯವಳು ಅಂದ ಮೇಲೆ ಹುಡುಕಿದ್ರಿ. ಆಗ ಇನ್ನೊಂದು ಕೀ ಮಾಡಿ ಕೆಲಸ ಮುಗಿಸಿ, ಇದನ್ನ ಬಚ್ಚಿಡೋಕೆ ಹುಡುಕ್ತಿದ್ದಾರೆ ಅಂದ್ಕೊಂಡೆ."

"ನನ್ನ ಮೇಲೆ? ಇಷ್ಟು ವರ್ಷ ಬಾಳ್ವೆ ಮಾಡಿ ನನ್ನ ಮೇಲೆ ಅನುಮಾನ?"

"ನೀವು ಹೆತ್ತ ಮಗಳ ಮೇಲೆ ಪಡ್ಲಿಲ್ವಾ? ಕಲಿಸಿದೋರು ಯಾರು?"

ಅಜ್ಜಿ ಕೂತಲ್ಲಿಂದ ಮೂವರನ್ನೂ ನೋಡಿದಳು. "ಕೇಳ್ತೀನಿ, ಈ ಮನೇಲಿ ಇಡೀ ದಿನ ಇರೋಳು ನಾನೊಬ್ಬಳೇ. ನನ್ನ ಮೇಲೆ ಯಾರಿಗೂ ಅನುಮಾನವೇ ಬರ್ಲಿಲ್ಲ ಅಲ್ವಾ? ಅಷ್ಟಕ್ಕೂ ಲಾಯಕ್ಕಿಲ್ಲದೋಳಾದೆ," ಎಂದಳು. ಬೇರೆ ದಿನವಾಗಿದ್ದರೆ ಚಿಲಕ ನಕ್ಕು ಉರುಳುತ್ತಿದ್ದಳು.

ಬೀಗಣ್ಣ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಚಪ್ಪಲಿಯನ್ನೂ ಮೆಟ್ಟದೆ ಶಾಲೆಗೆ ಓಡಿದ. ಮೇಡಂ ಮನೆಗೆ ಹೊರಟು ಗೇಟಿನ ಹತ್ತಿರ ಬಂದಿದ್ದರು.

"ಕೀ ಮನೇಲೇ ಇತ್ತು ಮೇಡಂ. ಪರೀಕ್ಷೆಗೂ ಮುಂಚಿನಿಂದ ಹಿಟ್ಟಿನ ಡಬ್ಬದಲ್ಲಿತ್ತು. ಯಾರೂ ಮುಟ್ಟಿಲ್ಲ. ನನ್ನ ಮಗಳು ಓದೇ ಬರೆದಿರೋದು."

ಮೇಡಂ ಕೀಲಿಯನ್ನು ನೋಡಿದರು, ಅವನ ಬರಿಗಾಲನ್ನೂ ನೋಡಿದರು. "ಮಧ್ಯಾಹ್ನವೇ ಹೆಸರು ಕಳಿಸಿಬಿಟ್ಟೆ, ಬೀಗಣ್ಣ. ವಾಪಸ್ ತರೋಕೆ ಆಗಲ್ಲ. ಹೊರಗಿನೋರು ಬಂದು ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಅಪ್ಪನೇ ಬಂದು ಹೇಳ್ದಾಗ ಏನು ಮಾಡ್ಲಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ತಟ್ಟಿ ಬೀಳಿಸಿದ್ದು ತನ್ನದೇ ಕೈ. ಬೀಗಣ್ಣ ಮನೆಗೆ ಬಂದು ಆ ಕೀಲಿಯನ್ನು ಜಜ್ಜಿದ. ಹಲ್ಲೆಲ್ಲ ಹೋದ ಮೇಲೂ, ಅದು ತಗಡಿನ ಹಾಗೆ ತೆಳ್ಳಗಾದ ಮೇಲೂ ಜಜ್ಜುತ್ತಲೇ ಇದ್ದ. ಕೊನೆಗೆ ಅಜ್ಜಿ ಬಂದು ಸುತ್ತಿಗೆ ಕಿತ್ತುಕೊಂಡಳು.

ಚಿಲಕ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕರೆದರೆ ಬರುವಳು, ಬಡಿಸಿದರೆ ತಿನ್ನುವಳು, ತಟ್ಟೆ ತೊಳೆದಿಟ್ಟು ಕೋಣೆಗೆ ಹೋಗುವಳು. ಒಂದು ವಾರದ ನಂತರ ಅವಳ ತಗಡಿನ ಪೆಟ್ಟಿಗೆಗೆ ಒಂದು ಬೀಗ ಬಿತ್ತು. ಬೀಗಣ್ಣ ದೂರದಿಂದಲೇ ನೋಡಿ ಗುರುತು ಹಿಡಿದ. ಬಸ್ ನಿಲ್ದಾಣದ ಹತ್ತಿರದ ಅಂಗಡಿಯ ಅಗ್ಗದ ಮಾಲು. ಅಪ್ಪನ ಅಂಗಡಿಯಲ್ಲಿ ಗೋಡೆ ತುಂಬ ಬೀಗ ನೇತಾಡುತ್ತಿದ್ದರೂ ಮಗಳು ಬೇರೆ ಅಂಗಡಿಗೆ ಹೋಗಿ ಬೀಗ ಕೊಂಡಿದ್ದಳು. ಅವನು ಹೆಂಡತಿಗೆ ಹೇಳಲಿಲ್ಲ. ಹೆಂಡತಿಯೂ ನೋಡಿದ್ದಳು, ಅವಳೂ ಹೇಳಲಿಲ್ಲ.

ಸಾವಿರಾರು ಮಂದಿ ಬರೆಯುವ ಆ ಪ್ರವೇಶ ಪರೀಕ್ಷೆ ಯಾವತ್ತು ಎಂದು ಅವಳು ಹೇಳಲಿಲ್ಲ. ಇವರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಅವಳು ಎಂದಿನಂತೆ ಬ್ರೆಡ್ಡು ತಿಂದು, ಎಂದಿನ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ದಾಟಿ ಹೋದಳು. ಬೀಗಣ್ಣ ತಲೆ ಎತ್ತಲಿಲ್ಲ. ಅಜ್ಜಿಗೆ ಮಾತ್ರ ತಡೆಯಲಾಗಲಿಲ್ಲ.

"ಲೋ, ಇವತ್ತೇ ಇರ್ಬೇಕು ಕಣೋ. ಬೀದಿ ಮಕ್ಕಳೆಲ್ಲ ಬಸ್ಸಿಗೆ ಓಡ್ತಿವೆ. ಆ ಪೆಟ್ಟಿಗೆ ತೆಗೆದು ನೋಡು, ಪರೀಕ್ಷೆ ಹಾಲ್ ಟಿಕೆಟ್ಟು ಒಳಗಿಲ್ಲ ಅಂದ್ರೆ ಇವತ್ತೇ. ನಿನಗೇನು, ಹೇರ್‌ಪಿನ್ ಸಾಕು."

"ಸುಮ್ನಿರಮ್ಮ."

"ಬರೀ ಬ್ರೆಡ್ಡು ತಿಂದು ಹೋದ್ಲು. ಬೇಗ ನೋಡಿದ್ರೆ ಬಸ್ಸಿನ ಹತ್ರ ಮೊಟ್ಟೆ ಕೊಟ್ಟು ಬರ್ಬಹುದು."

ಬೀಗಣ್ಣ ಎದ್ದು ಮಗಳ ಕೋಣೆಗೆ ಹೋದ. ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಹೇರ್‌ಪಿನ್ನೂ ಬೇಕಿರಲಿಲ್ಲ, ಗಟ್ಟಿಯಾಗಿ ಒಮ್ಮೆ ಎಳೆದರೆ ಬಾಯಿ ಬಿಡುವ ಬೀಗ. ಕೈ ಮುಂದೆ ಹೋಯಿತು. ಆಗ ಕಣ್ಣಿಗೆ ಬಿತ್ತು. ಬೀಗಕ್ಕೂ ಕೊಂಡಿಗೂ ನಡುವೆ ಅಂಟಿಸಿದ್ದ ಒಂದು ಉದ್ದನೆಯ ಕಪ್ಪು ಕೂದಲು. ಚೀಲದ ಜೇಬಿಗೆ ತಾನು ಅಂಟಿಸಿದ್ದ ಕೂದಲನ್ನು ಅವಳು ನೋಡಿದ್ದಳು ಅನ್ನುವುದು ಅವನಿಗೆ ತಿಳಿದದ್ದು ಆಗ. ಅಂಗೈ ಬೆವರಿತು.

"ತೆಗೆದ್ಯಾ?" ಅಜ್ಜಿ ಹೊರಗಿನಿಂದ ಕೂಗಿದಳು.

"ಅದು ನಮ್ಮ ಅಂಗಡಿ ಬೀಗ ಅಲ್ಲಮ್ಮ," ಎಂದು ಅವನು ಎದ್ದು ಬಂದ.

ಸಂಜೆ ಚಿಲಕ ಬಂದಳು. ಮೊದಲು ಕೋಣೆಗೆ ಹೋದಳು. ಪೆಟ್ಟಿಗೆಯ ಬೀಗ ಮುಟ್ಟಿ ನೋಡಿದ ಸಣ್ಣ ಸದ್ದು ಕೇಳಿತು. ಆಮೇಲೆ ಬಂದು ಅಪ್ಪನ ಎದುರಿಗೆ ಕೂತು ತಟ್ಟೆ ಎಳೆದುಕೊಂಡಳು. ಬಟಾಣಿಯನ್ನು ಎರಡು ಸಲ ಬಡಿಸಿಕೊಂಡಳು.

"ಅಪ್ಪಾ, ಇವತ್ತು ಪರೀಕ್ಷೆ ಇತ್ತು."

"ಹೌದಾ," ಎಂದ ಬೀಗಣ್ಣ. ಹೇಗೆ ಬರೆದೆ, ಎಷ್ಟು ಬರಬಹುದು ಅನ್ನುವ ಮಾತುಗಳು ನಾಲಿಗೆಯ ತುದಿಗೆ ಬಂದು ನಿಂತಿದ್ದವು. ಎಲ್ಲವನ್ನೂ ನುಂಗಿ ಬ್ರೆಡ್ಡಿನ ತಟ್ಟೆಯನ್ನು ಅವಳ ಕಡೆ ಸರಿಸಿದ. ಚಿಲಕ ಒಂದು ತುಂಡು ತೆಗೆದುಕೊಂಡಳು. ಎಷ್ಟೋ ದಿನಗಳ ಮೇಲೆ ಅವಳು ಅವನ ಮುಖ ನೋಡಿದ್ದಳು. ಅವನಿಗೆ ಅಷ್ಟೇ ಸಾಕೆನಿಸಿತು.

ಮರುದಿನ ಅವಳು ಹೊರಗೆ ಹೋದ ಮೇಲೆ, ನೆಲ ಒರೆಸಲು ಹೋದ ಹೆಂಡತಿ ಪೆಟ್ಟಿಗೆಯ ಹತ್ತಿರ ಬಗ್ಗಿ ನಿಂತಳು. ಗಂಡನನ್ನು ಮೆಲ್ಲಗೆ ಕರೆದು ಬೆರಳು ಮಾಡಿ ತೋರಿಸಿದಳು. ಬೀಗದ ಮೇಲೆ ಹೊಸ ಕೂದಲು ಅಂಟಿಸಿತ್ತು.